ಟಿವಿಯ ನಡುವಿನ ಕಲೆ

2 ನವೆಂಬರ್ 2022, ಬುಧವಾರ. ಮಧ್ಯಾಹ್ನ 1.40, ಲೈಬ್ರರಿ

ಮೂರನೇ ಅಂಗಡಿಯೂ ಆಯಿತು. ಬಾಟನಿ ಪ್ರಾಕ್ಟಿಕಲ್ ಬೇಗ ಬಿಟ್ಟರು. ಮುಳಗುಂದ ನಾಕಾದವರೆಗೆ ನಡೆದೇ ಹೋದೆ. ರೆಕಾರ್ಡ್ ಬುಕ್ಕಿನ ಹಿಂದಿನ ಪುಟದಲ್ಲಿ ಟೇಬಲ್ ಹಾಕಿದ್ದೇನೆ. ಟಿವಿ ಸೈಜು 43, 50, 55 ಇಂಚು.

ಕೊರಿಯಾದ್ದು: ಬಣ್ಣ ಜಾಸ್ತಿ. ಸುದ್ದಿ ಓದುವವಳ ಮುಖ ಟೊಮ್ಯಾಟೊ. ಜಪಾನಿನದು: ಚರ್ಮ ಚರ್ಮದ ಹಾಗೇ ಇದೆ, ಪಕ್ಕಕ್ಕೆ ಸರಿದರೆ ಸ್ವಲ್ಪ ಮಂಕು. ಚೈನಾದ್ದು: ಎಲ್ಲಾ ಇದೆ, ಯಾಕೋ ನಂಬಿಕೆ ಬರುವುದಿಲ್ಲ. ರಿಫ್ರೆಶ್ ರೇಟ್ ಅಂದರೇನು, ಇನ್ನೂ ಗೊತ್ತಾಗಿಲ್ಲ. ಕಾಲಂ ಮಾತ್ರ ಹಾಕಿಟ್ಟಿದ್ದೇನೆ.

ಅಂಗಡಿಯ ಸೇಲ್ಸ್‌ಮನ್ ಹೆಸರು ವೀರು. ಅಂಗಿಯ ಜೇಬಿನ ಮೇಲೆ ಬರೆದಿದೆ. ಮೂರರಲ್ಲಿ ಅವನ ಅಂಗಡಿಗೇ ಮತ್ತೆ ಮತ್ತೆ ಹೋದದ್ದು.

‘ಅಕ್ಕಾರ, ಇದು ನಾಕನೇ ಸಲ. ನಮ್ಮ ಮಾಲಕರಿಗಿಂತ ನೀವ ಹೆಚ್ಚಿಗೆ ಬರ್ತೀರಿ ನೋಡ್ರಿ. ಯಾರಿಗೆ ಟಿವಿ?’

‘ನಮ್ಮ ಆಯಿಗೆ. ಅಪ್ಪನ ತಾಯಿಗೆ.’

‘ಅಜ್ಜಿಗೆ ಐವತ್ತೈದ ಇಂಚ? ಪುಣ್ಯಾ ಮಾಡ್ಯಾರ ಬಿಡ್ರಿ.’

ನಕ್ಕೆ. ನಗಬೇಕಾದ ಜಾಗ ಅದು.

ಅದೇ ದಿನ, ಸಂಜೆ 6.15, ಹಾಸ್ಟೆಲ್

ಶನಿವಾರದ್ದು ಬರೆಯಬೇಕು. ಯಾರಿಗೂ ಹೇಳಿಲ್ಲ. ಇಲ್ಲಾದರೂ ಇರಲಿ.

ಅಕ್ಟೋಬರ್ 29. ಗದಗಿನ ಕಣ್ಣಿನ ಶಿಬಿರಕ್ಕೆ ಅಪ್ಪ ಆಯಿಯನ್ನು ಲಕ್ಷ್ಮೇಶ್ವರದಿಂದ ಕರೆತಂದಿದ್ದ. ಒಳಗೆ ಜೊತೆಗೊಬ್ಬರನ್ನೇ ಬಿಡುತ್ತಿದ್ದರು. ‘ನೀ ಹೋಗು, ಇಂಗ್ಲಿಷ್ ಕಲ್ತಾಕಿ’ ಎಂದ ಅಪ್ಪ. ಡಾಕ್ಟರು ಹೊರಗಿನವರು, ಕನ್ನಡ ಇಲ್ಲ. ಹಿಂದೆ ನೂರು ಜನರ ಸಾಲು. ಆಯಿಯ ಕಣ್ಣಿಗೆ ಲೈಟ್ ಬಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಗಡಗಡ ಹೇಳಿದರು. ನಾನು ಯೆಸ್ ಸರ್ ಎಂದೆ. ಐದೋ ಆರೋ ಸಲ.

ಆರನೇ ಕ್ಲಾಸಿನಿಂದ ವಸತಿ ಶಾಲೆ. ಅಲ್ಲಿ ಪಾಠ ತಿಳಿಯಲಿಲ್ಲ ಎಂದವರು ಪೀರಿಯಡ್ ಮುಗಿಯುವವರೆಗೆ ನಿಂತಿರಬೇಕಿತ್ತು. ಯೆಸ್ ಸರ್ ಎಂದವರು ಕೂರಬಹುದಿತ್ತು. ನಾನು ಏಳು ವರ್ಷ ಕೂತೇ ಇದ್ದೆ.

ನನಗೆ ತಿಳಿದದ್ದು ಇಷ್ಟು — ಪೊರೆ ಅಲ್ಲ, ಆಪರೇಶನ್ ಇಲ್ಲ. ಹೊರಗೆ ಬಂದು ಅಷ್ಟೇ ಹೇಳಿದೆ. ಆಯಿ ಎರಡೂ ಕೈ ಎತ್ತಿ ಅಲ್ಲಾನನ್ನು ನೆನೆದಳು. ‘ಅಂದ್ರ ಕಣ್ಣಿಗೇನೂ ಆಗಿಲ್ಲ!’ ಎಂದ ಅಪ್ಪ. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಅಪ್ಪ ಜಿಲೇಬಿ ತಂದ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮೂವರೂ ತಿಂದೆವು.

ಸಂಜೆ ಡಾಕ್ಟರು ಬರೆದುಕೊಟ್ಟ ಚೀಟಿ ಬಿಚ್ಚಿ ಒಂದೊಂದೇ ಪದ ಮೊಬೈಲಿನಲ್ಲಿ ಹುಡುಕಿದೆ. ಎಡಗಣ್ಣು: ಹಳೆಯದು, ಏನೂ ಮಾಡುವಂತಿಲ್ಲ. ಬಲಗಣ್ಣು: ಒಳಪರದೆಯ ನಟ್ಟನಡುವೆ ರಕ್ತ ಸೋರುತ್ತಿದೆ. ಹುಬ್ಬಳ್ಳಿಗೆ ಒಯ್ಯಬೇಕು. ಸ್ಕ್ಯಾನ್. ಕಣ್ಣೊಳಗೆ ಇಂಜೆಕ್ಷನ್. ವಿಥಿನ್ ಟೂ ವೀಕ್ಸ್ — ಅದರ ಕೆಳಗೆ ಎರಡು ಗೆರೆ.

ಓದಿ ಮುಗಿಸುವಷ್ಟರಲ್ಲಿ ಅಪ್ಪನ ಫೋನು.

‘ಅಮೀರಾ, ನಾ ಬಸ್ಸಿನ್ಯಾಗ ವಿಚಾರ ಮಾಡ್ಕೊಂತ ಬಂದೆ. ಕಣ್ಣ ಚಲೋ ಅದಾವ ಅಂದ್ಮ್ಯಾಲ ಕೆಟ್ಟದ್ದು ಟಿವಿನ. ಹಳೇ ಡಬ್ಬಾ. ನಡುವ ಕರಿ ಕಲಿ ಬಿದ್ದೈತಿ ಅಂತ ದಿನಾ ಒದರ್ತಾಳ ನಿಮ್ಮಾಯಿ. ದೊಡ್ಡದೊಂದು ತಂದ ಬಿಡೂಣು. ನೀ ಅಂಗಡಿ ಅಡ್ಡಾಡಿ, ಇಂಗ್ಲಿಷ್ ಓದಿ, ಚಲೋದು ಯಾವದು ಹೇಳು.’

‘ಆತಪ್ಪಾ.’

ಹೇಳಬೇಕೆಂದರೆ ಮೊದಲು ಹೇಳಬೇಕಾದದ್ದು, ನನಗೆ ಇಂಗ್ಲಿಷ್ ತಿಳಿಯುವುದಿಲ್ಲ ಅಂತ. ಆಮೇಲೆ ಉಳಿದದ್ದು.

12ನೇ ತಾರೀಖಿಗೆ ಎರಡು ವಾರ. ಇನ್ನೂ ಹತ್ತು ದಿನ ಇದೆ. ಹತ್ತು ದಿನ ಅಂದರೆ ಬಹಳ.

4 ನವೆಂಬರ್, ಶುಕ್ರವಾರ. ಬೆಳಿಗ್ಗೆ 8.20, ಮೆಸ್

ಉಪ್ಪಿಟ್ಟು. ರೂಮ್‌ಮೇಟ್ ಶಾಂಭವಿ ಮುಂಡರಗಿಯವಳು, ಬಿಕಾಂ. ನನ್ನ ಬ್ರೋಶರ್ ಕಸಿದುಕೊಂಡು ಮೆಸ್ಸಿನ ತುಂಬ ಓದಿದಳು.

‘ಏ ಐವತ್ತೈದ ಇಂಚು! ನಾ ಇಷ್ಟು ದಿನ ನೀ ಸೆಮಿಸ್ಟರ್ ಪ್ರಿಪರೇಶನ್ ಮಾಡಾಕತ್ತಿ ಅಂತ ಹೆದರ್ಕೊಂಡು ಓದಾಕತ್ತಿದ್ದೆ ಲೇ. ಇಲ್ಲಿ ನೋಡಿದ್ರ ಟಿವಿ!’

ಎಲ್ಲರೂ ನಕ್ಕರು. ಇನ್ನು ಮೂರು ವರ್ಷ ನನಗೆ ‘ಐವತ್ತೈದ ಇಂಚು’ ಅಂತಲೇ ಹೆಸರು.

ಬ್ರೋಶರಿನ ಕೊನೆಯ ಪುಟದಲ್ಲಿ ಒಂದು ಚಾರ್ಟ್ ಇದೆ. ಯಾವ ಸೈಜಿಗೆ ಎಷ್ಟು ದೂರ ಕೂರಬೇಕು ಅಂತ. 55ಕ್ಕೆ ಏಳರಿಂದ ಎಂಟು ಅಡಿ. ಟೇಬಲಿಗೆ ಸೇರಿಸಿದೆ. ಸ್ಕೇಲ್ ಇಟ್ಟು ಗೆರೆ ಎಳೆದೆ. ಗೆರೆ ಎಳೆಯುವಾಗ ತಲೆಯೊಳಗೆ ಏನೂ ಇರುವುದಿಲ್ಲ. ಅದು ಒಳ್ಳೆಯದು.

ಚೀಟಿ ಬ್ಯಾಗಿನ ಚಿಕ್ಕ ಜಿಪ್ಪಿನಲ್ಲಿದೆ.

6 ನವೆಂಬರ್, ಭಾನುವಾರ. ಲಕ್ಷ್ಮೇಶ್ವರ, ಮಧ್ಯಾಹ್ನ

ಹೇಳುವುದಕ್ಕೇ ಬಂದದ್ದು. ಬಸ್ಸಿನಲ್ಲಿ ಪೂರ್ತಿ ವಾಕ್ಯ ಮಾಡಿಕೊಂಡು ಬಂದೆ.

ಮನೆ ತುಂಬ ಅರಳೆ. ನಾವು ಪಿಂಜಾರರು, ಗಾದಿ ಮಾಡುವವರು. ಅಪ್ಪ ಅರಳೆ ಹಿಂಜಿ ತುಂಬುತ್ತಾನೆ, ಅವ್ವ ಅರಿವೆಯ ಚೀಲ ಹೊಲಿಯುತ್ತಾಳೆ, ತುಂಬಿದ ಗಾದಿಗೆ ದಪ್ಪ ದಾರದಲ್ಲಿ ಟಾಕಾ, ಅಂದರೆ ಹೊಲಿಗೆ, ಹಾಕುವವಳು ಆಯಿ. ನಮ್ಮಪ್ಪ ಅಲ್ಲಾಉದ್ದೀನನ ಗಾದಿ ಎಂದರೆ ಶಿರಹಟ್ಟಿಯವರೆಗೆ ಹೆಸರು. ಆಯಿಯ ಟಾಕಾ ರೂಲ್ಡ್ ಹಾಳೆಯ ಗೆರೆಯ ಹಾಗೆ. ಇವತ್ತು ನೋಡಿದರೆ ಸಾಲು ಬಾಗಿದೆ. ಗಾದಿಯ ಒಂದು ಬದಿಯಿಂದ ಹೊರಟು ಹಾವಿನ ಹಾಗೆ ಹರಿದಿದೆ. ಆಯಿ ನಮಾಜಿಗೆ ಎದ್ದಾಗ ಅಪ್ಪ ಏಳೆಂಟು ಟಾಕಾ ಬಿಚ್ಚಿ ತಾನೇ ಹಾಕಿದ.

‘ಬೆಳಕ ಕಡಿಮಿ ಐತಿ ಇಲ್ಲಿ’ ಎಂದ. ನಾನೇನೂ ಕೇಳಿರಲಿಲ್ಲ.

ಟಿವಿಯ ಮುಂದೆ ಆಯಿ ಒಂದು ಗೇಣು ದೂರ ಕೂರುತ್ತಾಳೆ. ಮೂಗು ಗಾಜಿಗೆ ತಾಗುವಷ್ಟು. ಹಿಂದೆ ಕೂತವರಿಗೆ ಆಯಿಯ ತಲೆಯೇ ಕಾಣುವುದು. ಪಕ್ಕದ ಮನೆಯ ಹನಮವ್ವ ಸೀರಿಯಲ್ಲಿಗೆ ಬಂದಿದ್ದಳು.

‘ಏ ಅಮೀನಬಿ, ಒಳಗ ಹೋಗಿಬಿಡ ನೀ. ಅತ್ತಿ-ಸೊಸಿ ಜಗಳಾ ಬಿಡಿಸಿ ಬರೀಯಂತ.’

‘ಜಗಳಾ ಕೇಳಸ್ತೈತವಾ. ಮಾರಿ ಕಾಣವಲ್ದು. ಕಿವ್ಯಾನ ಝುಮಕಿ ಕಾಣತಾವ, ತುರುಬು ಕಾಣತೈತಿ, ನಡುವ ಮಾರಿ ಇರೋ ಜಾಗಾದಾಗ ಕರಿ ಕಲಿ. ಟಿವಿ ಸುಟ್ಟೈತಿ ನಡುವ.’

‘ನನಗೂ ಮಸುಕ ಕಾಣತೈತಿ ತಗೋ’ ಎಂದಳು ಹನಮವ್ವ. ನಿಜ. ಟಿವಿ ಹಳೆಯದೇ, ಎಲ್ಲರಿಗೂ ಮಸುಕೇ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಪ್ಪ ಒಳಗಿನಿಂದ ಗವಸ ತಂದ. ಟಿವಿಗೆ ಧೂಳು ಕೂರದಂತೆ ಗಾದಿಯ ಅರಿವೆಯಲ್ಲೇ ಹೊಲಿದದ್ದು, ಅಂಚಿಗೆ ಕೆಂಪು ಪಟ್ಟಿ. ನಾನು ಫೋನಿನಲ್ಲಿ 55 ಆಗಬಹುದು ಎಂದಿದ್ದೆ, ಅಗಲ ಸರಿಯಾಗಿ ಐವತ್ತೈದು ಇಂಚು ಇಟ್ಟು ಹೊಲಿದುಬಿಟ್ಟಿದ್ದಾನೆ.

‘ಅಪ್ಪಾ, ಐವತ್ತೈದು ಅಂದ್ರ ಅಗಲ ಅಲ್ಲ. ಅಗಲ ನಲವತ್ತೆಂಟು. ಟಿವಿಗೆ ಈ ಮೂಲಿಯಿಂದ ಆ ಮೂಲಿಗೆ ಓರೆ ಅಳತಿ ಹೇಳ್ತಾರ.’

ಅಪ್ಪ ಟೇಪ್ ಹಿಡಿದುಕೊಂಡು ನಿಂತುಬಿಟ್ಟ.

‘ಓರೆ? ಮೂಲಿಯಿಂದ ಮೂಲಿಗೆ? ಹಾಡಾಹಗಲ ಹಿಂಗ ಹೇಳಿ ಮಾರ್ತಾರ? ನಾ ನಾಕ ಫೂಟಿನ ಗಾದಿ ಓರೆ ಅಳದು ಏಳ ಫೂಟು ಅಂತ ಕೊಟ್ರ ಜನಾ ಚಪ್ಪಲಿ ತಗೋತಾರ!’

‘ಎಲ್ಲಾ ಕಂಪನಿನೂ ಹಂಗ ಅಪ್ಪಾ.’

‘ಎಲ್ಲಾ ಕೂಡೇ ಕಳ್ಳರಾದ್ರ ಕಳ್ಳತನಾನ ಅಲ್ಲೇನ ಅದು?’

ಅವ್ವ ಅರಿವೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಯಿ ಜೋರಾಗಿ ನಕ್ಕಳು. ನನ್ನ ವಾಕ್ಯ ಎಲ್ಲಿಗೋ ಹೋಯಿತು.

ರಾತ್ರಿ, ಹಾಸ್ಟೆಲ್. ಸಂಜೆಯ ಬಸ್ಸಿಗೆ ವಾಪಸ್ ಬಂದೆ. ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಅಪ್ಪ ‘ನೀ ಒಬ್ಬಾಕಿ ಇದ್ದೀ ನೋಡವಾ, ಇಂಥಾದೆಲ್ಲಾ ತಿಳೀತೈತಿ’ ಎಂದ.

9 ನವೆಂಬರ್, ಬುಧವಾರ

50 ಅಥವಾ 55. ಮ್ಯಾಟ್ ಅಥವಾ ಗ್ಲಾಸಿ. ಮೂರು ದಿನ. ಕೆಮಿಸ್ಟ್ರಿ ಅಸೈನ್‌ಮೆಂಟ್.

ಊಟ ಸೇರುತ್ತಿಲ್ಲ ಅಂತಲ್ಲ. ತಿನ್ನುತ್ತೇನೆ. ಏನು ತಿಂದೆ ಎಂದು ಆಮೇಲೆ ನೆನಪಿರುವುದಿಲ್ಲ.

12 ನವೆಂಬರ್, ಶನಿವಾರ. ಸಂಜೆ 5

ಇವತ್ತು 12.

ಬೆಳಿಗ್ಗೆ ಟೆಸ್ಟ್ ಇತ್ತು. ಬರೆದೆ. ಮೂರು ಗಂಟೆಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದ.

‘ಜಪಾನಿಂದು ಚಲೋ ಐತಿ ಅಪ್ಪಾ. ಐವತ್ತೈದು. ಮಾರಿ ಖರೆ ಮಾರಿ ಹಂಗ ಕಾಣತಾವ.’

‘ಆತು. ಮುಗೀತು. ನಾಳೆ ಬರ್ತೀನಿ.’

ಫೋನ್ ಇಟ್ಟೆ. ಬೇರೆ ಏನಾದರೂ ಅನಿಸುತ್ತದೆ ಎಂದು ಕಾದೆ. ಅನಿಸಲಿಲ್ಲ. ಬಟ್ಟೆ ಒಗೆದು ಹಾಕಿದೆ.

13 ನವೆಂಬರ್, ಭಾನುವಾರ. ಲಕ್ಷ್ಮೇಶ್ವರ

ಅಪ್ಪ ಗೂಡ್ಸ್ ಗಾಡಿಯಲ್ಲಿ ಎರಡು ಹೊಸ ಗಾದಿ ಹಾಕಿಕೊಂಡು ಗದಗಿಗೆ ಬಂದಿದ್ದ. ಒಂದರ ಮೇಲೆ ಟಿವಿ ಮಲಗಿಸಿ ಇನ್ನೊಂದನ್ನು ಮೇಲೆ ಹೊದಿಸಿದ. ‘ಸೊಸಿ ಕರ್ಕೊಂಡ ಹೊಂಟೀರೇನ್ರಿ?’ ಎಂದು ಕೇಳಿದ ವೀರು. ‘ಸೊಸಿಗೆ ಒಂದ ಗಾದಿ ಕೊಡ್ತೀವಿ’ ಎಂದ ಅಪ್ಪ. ಇಷ್ಟು ಖುಷಿಯಾಗಿರುವ ಅಪ್ಪನನ್ನು ನೋಡಿ ಬಹಳ ದಿನ ಆಗಿತ್ತು. ನಾನು ಡ್ರೈವರ್ ಪಕ್ಕ ಕೂತು ಬಂದೆ.

ಮೂರು ಗಂಟೆಗೆ ಗೋಡೆಗೆ ಹಾಕಿದರು. ನಾಲ್ಕಕ್ಕೆ ಓಣಿಯ ಹೆಂಗಸರೆಲ್ಲ ಬಂದರು. ಅಪ್ಪ ನನ್ನನ್ನು ಕೇಳಿದ — ಆಯಿ ಎಲ್ಲಿ ಕೂರಬೇಕು? ನಾನು ಚಾರ್ಟ್ ಹೇಳಿದೆ. ಎಂಟು ಫೂಟು. ಅಪ್ಪ ಟೇಪ್ ಹಿಡಿದು ಅಳೆದು, ಸುಣ್ಣದಲ್ಲಿ ಗುರುತು ಮಾಡಿ, ಅಲ್ಲಿ ಚಿಕ್ಕ ಗಾದಿ ಹಾಸಿ ಆಯಿಯನ್ನು ಕೂರಿಸಿದ. ರಾಣಿಯ ಹಾಗೆ.

ಟಿವಿ ಹಚ್ಚಿದ. ಯಾವುದೋ ಹುಡುಗಿ ಸಮುದ್ರದ ದಂಡೆಯಲ್ಲಿ ನಗುತ್ತಿದ್ದಳು. ಗೋಡೆಯ ತುಂಬ ಅವಳ ಮುಖ. ಹಲ್ಲು ಎಣಿಸಬಹುದಿತ್ತು. ‘ಯವ್ವಾ!’ ಎಂದಳು ಹನಮವ್ವ.

ಆಯಿ ತಲೆ ಆ ಕಡೆ ಈ ಕಡೆ ಹೊರಳಿಸಿದಳು.

‘ಅಲ್ಲಾಉದ್ದೀನಾ.’

‘ಏನವಾ?’

‘ಟಿವಿ ದೊಡ್ಡದಾತು ಖರೆ. ಕಲೀನೂ ದೊಡ್ಡದಾತಲ್ಲೋ.’

ಯಾರೋ ನಕ್ಕರು. ಆಯಿ ನಗಲಿಲ್ಲ. ಅಪ್ಪ ಗಾಜಿನ ಹತ್ತಿರ ಹೋಗಿ ಅಂಗೈಯಿಂದ ಒರೆಸಿದ. ಮತ್ತೆ ಒರೆಸಿದ.

‘ಈಗ?’

‘ಐತಿ.’

‘ಹೊಸಾ ಮಾಲ ಐತ್ಯೋ ಇಲ್ಲೋ ಇದು? ಅಮೀರಾ, ಅಂಗಡಿಗೆ ಫೋನ್ ಹಚ್ಚು.’

ಹಚ್ಚಿದೆ. ಟಿವಿಯಲ್ಲಿ ಕಲೆ ಇದೆ ಎಂದು ನಾನೇ ಕಂಪ್ಲೇಂಟ್ ಬರೆಸಿದೆ. ನನ್ನ ಹೆಸರು, ನನ್ನ ನಂಬರು.

16 ನವೆಂಬರ್, ಬುಧವಾರ. ಲಕ್ಷ್ಮೇಶ್ವರ, ಸಂಜೆ

ಕಾಲೇಜಿಗೆ ಹೋಗಲಿಲ್ಲ. ‘ಕಂಪನಿ ಮಂದಿ ಇಂಗ್ಲಿಷ್ ಮಾತಾಡಿದ್ರ ಯಾರ ಉತ್ತರಾ ಕೊಡಬೇಕು? ನೀ ಬಾ’ ಎಂದಿದ್ದ ಅಪ್ಪ. ಬಂದವನು ವೀರು. ಮಾರುವುದೂ ಅವನೇ, ರಿಪೇರಿ ನೋಡುವುದೂ ಅವನೇ.

ಪೆನ್ ಡ್ರೈವ್ ಹಾಕಿ ಪರದೆಯನ್ನು ಪೂರ್ತಿ ಬಿಳಿ ಮಾಡಿದ. ಕೋಣೆಯೆಲ್ಲ ಬೆಳಕಾಯಿತು. ನಮ್ಮ ಯಾರಿಗೂ ಕಲೆ ಕಾಣಲಿಲ್ಲ.

‘ಅಜ್ಜೀ, ಬರ್ರಿ ಇಲ್ಲಿ. ಕಲಿ ಎಲ್ಲೈತಿ, ಬಟ್ಟ ಇಟ್ಟ ತೋರಸ್ರಿ.’

ಆಯಿ ನಡುವೆ ಬೆರಳಿಟ್ಟಳು.

‘ಈಗ ಈ ಮೂಲಿ ನೋಡ್ರಿ. ಈಗೆಲ್ಲೈತಿ?’

ಬೆರಳು ಮೂಲೆಗೆ ಹೋಯಿತು.

‘ಈಗ ಟಿವಿ ಬಿಡ್ರಿ. ಗ್ವಾಡಿ ನೋಡ್ರಿ.’

ಆಯಿ ಗೋಡೆ ನೋಡಿದಳು. ಬಹಳ ಹೊತ್ತು. ಸುಣ್ಣದ ಮೇಲೆ ಕೈಯಿಟ್ಟು ಸವರಿದಳು.

‘ಇಲ್ಲೂ ಐತಿ’ ಎಂದಳು. ಮೆಲ್ಲಗೆ. ತನಗೇ ಹೇಳಿಕೊಂಡ ಹಾಗೆ.

ವೀರು ರಿಮೋಟ್ ಕೆಳಗಿಟ್ಟ. ಅವನ ಮುಖದಲ್ಲಿ ಅಂಗಡಿಯ ನಗು ಇರಲಿಲ್ಲ.

‘ಯಜಮಾನ್ರ, ಇದು ಟಿವಿದಲ್ರಿ. ಅಜ್ಜಿದು ಕಣ್ಣ ತೋರಸ್ರಿ ಮೊದಲ.’

‘ತೋರಸೀವಲ್ಲಪಾ! ದೊಡ್ಡ ಡಾಕ್ಟರ ನೋಡ್ಯಾರ. ಏನೂ ಇಲ್ಲ ಅಂದಾರ. ಈಕಿನ ಒಳಗ ಹೋಗಿದ್ಲು. ಹೇಳು ಅಮೀರಾ, ಏನಂದ್ರು?’

ಎಲ್ಲರೂ ನನ್ನನ್ನು ನೋಡಿದರು. ಆಯಿ ಒಬ್ಬಳೇ ಇನ್ನೂ ಗೋಡೆ ನೋಡುತ್ತಿದ್ದಳು.

ಜಿಪ್ ತೆಗೆದೆ. ಚೀಟಿ ಮಡಿಕೆಯಲ್ಲಿ ಹರಿಯಲು ಬಂದಿತ್ತು. ಇಂಗ್ಲಿಷ್ ಓದಲಿಲ್ಲ, ಸೀದಾ ಕನ್ನಡದಲ್ಲೇ ಹೇಳಿದೆ. ಇಷ್ಟು ದಿನದಲ್ಲಿ ಬಾಯಿಪಾಠ ಆಗಿತ್ತು. ಎಡಗಣ್ಣು. ಬಲಗಣ್ಣು. ರಕ್ತ. ಹುಬ್ಬಳ್ಳಿ. ಇಂಜೆಕ್ಷನ್. ಎರಡು ವಾರ. ಸೆಮಿನಾರ್ ಕೊಟ್ಟ ಹಾಗಿತ್ತು.

ವೀರು ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಹೋದ. ಅವ್ವ ನೆಲದ ಮೇಲೆ ಕೂತಳು.

‘ಎರಡು ವಾರ ಎಂದಿಗೆ ಮುಗೀತು?’ ಅಪ್ಪ.

‘ಶನಿವಾರ.’

‘ಶನಿವಾರ ನೀ ಫೋನ್ ಮಾಡಿದ್ದಿ.’

‘ಹೂಂ.’

‘ಜಪಾನಿಂದು ಚಲೋ ಅಂದಿ.’

‘ಹೂಂ.’

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಬಯ್ಯಲೂ ಇಲ್ಲ. ಬಿಳಿ ಟಿವಿಯ ಮುಂದೆ ನಿಂತು ಆಫ್ ಮಾಡುವುದು ಹೇಗೆಂದು ತಿಳಿಯದೆ ಸುತ್ತಲೂ ತಡಕಾಡಿದ. ನಾನು ರಿಮೋಟ್ ಒತ್ತಿದೆ.

‘ಹುಬ್ಬಳ್ಳಿಗೆ ಮುಂಜಾನೆ ಮೊದಲನೇ ಬಸ್ ಎಷ್ಟಕ್ಕೈತಿ?’ ಎಂದು ಅವ್ವನನ್ನು ಕೇಳಿದ. ನನ್ನನ್ನಲ್ಲ.

17 ನವೆಂಬರ್, ಗುರುವಾರ. ಹುಬ್ಬಳ್ಳಿ, ಆಸ್ಪತ್ರೆ, 12.30

ಸ್ಕ್ಯಾನ್ ಆಯಿತು. ಈ ಡಾಕ್ಟರು ಕನ್ನಡದವರು. ಅಪ್ಪನೇ ಒಳಗೆ ಹೋದ. ನಾನೂ ಹಿಂದೆ ನಿಂತೆ.

‘ಹೋದದ್ದು ಬರೂದಿಲ್ರಿ. ಉಳಿದದ್ದು ಹಿಡಿದಿಡಾಕ ನೋಡೂಣು. ತಿಂಗಳಿಗೊಂದು ಇಂಜೆಕ್ಷನ್, ಮೂರು ತಿಂಗಳು.’

‘ಹದಿನೈದ ದಿನ ಮೊದಲ ಬಂದಿದ್ರ?’

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ‘ಇನ್ನೊಂದಿಷ್ಟು ಉಳೀತಿತ್ತು’ ಎಂದರು.

ಅಪ್ಪ ತಲೆಯಾಡಿಸಿದ. ತಿರುಗಿ ನೋಡಲಿಲ್ಲ.

ಇಂಜೆಕ್ಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ನರ್ಸ್ ನನ್ನ ಕೈಗೆ ಕೊಟ್ಟಳು. ನಾಲ್ಕು ಕಡೆ ತಿಳಿಯಲಿಲ್ಲ. ನಾಲ್ಕು ಸಲ ಕೇಳಿದೆ. ನಾಲ್ಕನೇ ಸಲ ಅವಳಿಗೆ ಸಿಟ್ಟು ಬಂತು. ‘ಕಾಲೇಜ ಓದ್ತಿ ಅಲ್ಲೇನ?’ ಎಂದಳು. ‘ಓದ್ತೀನ್ರಿ, ತಿಳೀಲಿಲ್ರಿ’ ಎಂದೆ. ಇಷ್ಟು ಸುಲಭ ಇತ್ತು.

ಆಯಿಯನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ.

27 ನವೆಂಬರ್, ಭಾನುವಾರ. ಲಕ್ಷ್ಮೇಶ್ವರ, ಬೆಳಿಗ್ಗೆ 11

ಹತ್ತು ದಿನ ಬರೆಯಲಿಲ್ಲ. ಬರೆಯುವುದೇನೂ ಇರಲಿಲ್ಲ. ಕ್ಲಾಸು, ಮೆಸ್ಸು, ಕ್ಲಾಸು. ಅಪ್ಪ ಫೋನ್ ಮಾಡಲಿಲ್ಲ. ಅವ್ವ ಮಾಡಿದಳು. ಊಟ ಆತೇನು, ಆತು, ಫೋನ್ ಇಡ್ಲೇನು, ಇಡು.

ಇವತ್ತು ಕರೆಯದೆಯೇ ಬಂದೆ. ಅಪ್ಪ ಗಾದಿ ಕೊಡಲು ಮುಂಡರಗಿಗೆ ಹೋಗಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಟಿವಿಯ ಕಡೆ ಬೆನ್ನು ಹಾಕಿ, ಅರಳೆಯಲ್ಲಿನ ಬೀಜ ಆರಿಸುತ್ತ ಕೂತಿದ್ದಳು. ಬೆರಳುಗಳಿಂದಲೇ. ಟಾಕಾ ಈಗ ಅವ್ವ ಹಾಕುತ್ತಾಳಂತೆ.

‘ಯಾರದು? ಅಮೀರಾ? ಹೆಜ್ಜಿ ಸಪ್ಪಳ ಕೇಳಿದ್ರ ತಿಳೀತೈತಿ, ಕಳ್ಳರ ಹಂಗ ನಡೀತಿ. ಬಾ, ಮುಂದ ಕುಂಡ್ರು.’

ಕೂತೆ.

‘ಅಲ್ಲಲ್ಲ. ಇನ್ನೊಂಚೂರು ಎಡಕ್ಕ ಸರಿ. ಹಾಂ. ಅಲ್ಲೇ ಇರು.’

ನೇರ ನೋಡಿದರೆ ಕಲೆ, ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಸ್ವಲ್ಪ ಕಾಣುತ್ತದೆ — ಹುಬ್ಬಳ್ಳಿಯಲ್ಲಿ ಕಲಿಸಿಕೊಟ್ಟಿದ್ದಾರೆ. ಆಯಿ ನನ್ನ ಕಿವಿಯ ಆಚೆಗಿನ ಗೋಡೆಯನ್ನು ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

‘ಗ್ವಾಡಿ ನೋಡಿದ್ರ ನೀ ಕಾಣತಿ’ ಎಂದಳು. ‘ಸೊರಗೀದಿ.’

‘ಇಲ್ಲಾಯಿ.’

‘ಸುಳ್ಳ ಹೇಳಬ್ಯಾಡ, ಗಲ್ಲದ ಎಲುಬು ಕಾಣಾಕತ್ತಾವ. ಹಾಸ್ಟೆಲಿನ್ಯಾಗ ಏನ ಹಾಕ್ತಾರ, ಮಣ್ಣ?’

ಸ್ವಲ್ಪ ಹೊತ್ತು ಬೀಜ ಆರಿಸಿದಳು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತ್ತು.

‘ನಿಮ್ಮಪ್ಪ ಕೇಳೂದಿಲ್ಲ. ಸಿಟ್ಟಲ್ಲ ಅಂವಗ. ಅಂವನ ನಿನ್ನ ಒಳಗ ಕಳಿಸಿದ್ದ ಅಂತ ತನಗ ತಾನ ಬೈಕೊಂತ ಕುಂತಾನ. ನಾ ಕೇಳ್ತೀನಿ. ಎದಕ್ಕ ಹೇಳ್ಲಿಲ್ಲ?’

ಬಿಳಿ ಸುಣ್ಣದ ಮೇಲಿದ್ದ ಕಣ್ಣು ಅಲ್ಲೇ ಇತ್ತು. ಅಂದರೆ ನನ್ನನ್ನೇ ನೋಡುತ್ತಿದ್ದಳು.

‘ಹೇಳು. ನಾ ನೋಡಾಕತ್ತೀನಿ.’

‘ಆಯಿ, ಅವತ್ತು ಆ ಡಾಕ್ಟರ ಹೇಳಿದ್ದು ನನಗ ತಿಳೀಲಿಲ್ಲ. ಅದನ್ನ ಹೇಳಾಕ ನಾಚಿಕಿ ಆತು.’